ಹಡಗು ಹತ್ತಿಸಿದರೂ ಬಿಡದ ಕವಿತೆ

ಮಗ ಪಠ್ಯ ಬದಿಗಿಟ್ಟು ಪದ್ಯ ಗೀಚುತ್ತಾ ಕುಳಿತರೆ ಹೆತ್ತವರಿಗೆ ದಿಗಿಲು. ‘ಇವನ ಹೊಟ್ಟೆಪಾಡು ಏನಾದೀತು?’ 1841ರಲ್ಲಿ ಪ್ಯಾರಿಸ್ಸಿನ ಒಂದು ಮನೆಯಲ್ಲೂ ಇದೇ ಚಿಂತೆಯಿತ್ತು. ಸಾಲ ಮಾಡಿಕೊಂಡು, ಸಾಹಿತ್ಯದ ಗೀಳು ಹಚ್ಚಿಕೊಂಡಿದ್ದ ಇಪ್ಪತ್ತರ ಹುಡುಗ ಬೋದಿಲೇರ್‌ನನ್ನು ಮಲತಂದೆ ಕಲ್ಕತ್ತೆಯತ್ತ ಹೊರಟ ಹಡಗು ಹತ್ತಿಸಿದರು. ಹುಡುಗ ಮಾರಿಷಸ್, ರಿಯೂನಿಯನ್ ದ್ವೀಪಗಳವರೆಗೆ ಬಂದು ಹಿಂದಿರುಗಿದ. ಗೀಳು ಬಿಡಲಿಲ್ಲ, ಕಡಲು, ಬಿಸಿಲು, ದೂರದ ನಾಡಿನ ಪರಿಮಳವೂ ಕವಿತೆಯೊಳಗೆ ಸೇರಿಕೊಂಡವು.

1857ರಲ್ಲಿ ಅವನ ಸಂಕಲನ ಹೊರಬಂತು. ಲಂಕೇಶರು ‘ಪಾಪದ ಹೂಗಳು’ ಎಂದು ಕನ್ನಡಕ್ಕೆ ತಂದದ್ದು ಈ ಕೃತಿಯನ್ನೇ. ನಗರದ ಕೊಳಕು, ಬೇಸರ, ಪಾಪಗಳಲ್ಲೂ ಕವಿತೆಯನ್ನು ಕಂಡವನಿಗೆ ನ್ಯಾಯಾಲಯ ದಂಡ ಹಾಕಿ, ಆರು ಕವಿತೆಗಳನ್ನು ನಿಷೇಧಿಸಿತು. ಆ ತೀರ್ಪು ರದ್ದಾದದ್ದು 1949ರಲ್ಲಿ! ಅಷ್ಟರಲ್ಲಿ ಆಧುನಿಕ ಫ್ರೆಂಚ್ ಕಾವ್ಯ ಅವನ ದಾರಿಯಲ್ಲೇ ಬಹುದೂರ ಸಾಗಿತ್ತು.

ಮುಂದೆ ಬಂದವರು ಸಂಕೇತವಾದಿಗಳು. ವಸ್ತುವನ್ನು ನೇರವಾಗಿ ಹೆಸರಿಸಬೇಡ, ಸೂಚಿಸು ಎಂಬುದು ಅವರ ನಿಲುವು. 1886ರಲ್ಲಿ ಜ್ಯಾಂ ಮೊರೆಯಾಸ್ ಪತ್ರಿಕೆಯೊಂದರಲ್ಲಿ ಇವರ ಪ್ರಣಾಳಿಕೆ ಪ್ರಕಟಿಸಿದ. ಇವರ ಗುರುವೆನಿಸಿದ ಮಲಾರ್ಮೆ ಹಗಲೆಲ್ಲ ಶಾಲೆಯಲ್ಲಿ ಇಂಗ್ಲಿಷ್ ಪಾಠ ಹೇಳುವ ಮೇಷ್ಟ್ರು. ಮಂಗಳವಾರ ಸಂಜೆ ಅವನ ಮನೆಯಲ್ಲಿ ಕವಿಗಳ ಕೂಟ. ಅನ್ನಕ್ಕೊಂದು ದಾರಿ, ಮನಸ್ಸಿಗೊಂದು ದಾರಿ.

ಆಂದ್ರೆ ಬ್ರೆತೋಂ ಓದಿದ್ದು ವೈದ್ಯಶಾಸ್ತ್ರ. ಮೊದಲ ಮಹಾಯುದ್ಧದಲ್ಲಿ, 1916ರಲ್ಲಿ, ಸ್ಯಾಂ ದಿಜಿಯೆ ಊರಿನ ಮನೋರೋಗ ಚಿಕಿತ್ಸಾಲಯದಲ್ಲಿ ಕೆಲಸ ಮಾಡುವಾಗ, ಯುದ್ಧದಿಂದ ತತ್ತರಿಸಿದ ಸೈನಿಕರ ಮಾತುಗಳನ್ನು ಅವನು ಗಮನವಿಟ್ಟು ಕೇಳಿದ. ಫ್ರಾಯ್ಡ್‌ನ ವಿಚಾರಗಳೂ ಅಲ್ಲೇ ಪರಿಚಯವಾದವು. ಬ್ರೆತೋಂ ವೈದ್ಯನಾಗಲಿಲ್ಲ. ಆದರೆ 1924ರ ಅವನ ಸರ್ರಿಯಲಿಸಂ ಪ್ರಣಾಳಿಕೆಯಲ್ಲಿ ಕನಸಿಗೂ ಸುಪ್ತ ಮನಸ್ಸಿಗೂ ಸಿಕ್ಕ ಸ್ಥಾನದ ಹಿಂದೆ ಆ ಚಿಕಿತ್ಸಾಲಯದ ದಿನಗಳಿವೆ.

1960ರಲ್ಲಂತೂ ಕವಿಗಳೂ ಗಣಿತಜ್ಞರೂ ಒಂದಾಗಿ ‘ಊಲಿಪೊ’ ಎಂಬ ಕೂಟ ಕಟ್ಟಿದರು. ಅದರ ಸ್ಥಾಪಕರಲ್ಲೊಬ್ಬನಾದ ರೇಮೋಂ ಕೆನೋ ಹದಿನಾಲ್ಕು ಸಾಲುಗಳ ಹತ್ತು ಸಾನೆಟ್ ಬರೆದು, ಪ್ರತಿ ಸಾಲನ್ನೂ ಬಿಡಿ ಪಟ್ಟಿಯಾಗಿ ಕತ್ತರಿಸಿದ ಪುಸ್ತಕವನ್ನು 1961ರಲ್ಲಿ ಹೊರತಂದ. ಯಾವ ಸಾನೆಟ್ಟಿನ ಸಾಲನ್ನಾದರೂ ಅದರದೇ ಜಾಗದಲ್ಲಿ ಬದಲಿಸಿ ಓದಬಹುದು. ಒಟ್ಟು ಎಷ್ಟು ಕವಿತೆಗಳಾದವು? ಹದಿನಾಲ್ಕು ಹತ್ತುಗಳನ್ನು ಗುಣಿಸಿ ನೋಡಿ: ನೂರು ಲಕ್ಷ ಕೋಟಿ!

ಹೆತ್ತವರ ಭಯ ಸುಳ್ಳೆಂದು ಇದರರ್ಥವಲ್ಲ. ಬೋದಿಲೇರ್ ಸಾಲದಲ್ಲೇ ನವೆದು 46ನೇ ವಯಸ್ಸಿಗೆ ತೀರಿಕೊಂಡ. ಆದರೆ ಹಡಗು ಹತ್ತಿಸುವ ಮುನ್ನ ಮಗ ಬರೆದದ್ದನ್ನು ಒಮ್ಮೆ ಓದಬಹುದಲ್ಲ? ವಿಜ್ಞಾನ ಓದುವ ಮಗಳು ಕವಿತೆಯನ್ನೂ ಓದಲಿ. ಕಲಿತ ವಿದ್ಯೆ ಯಾವ ಕೊಂಬೆಯಲ್ಲಿ ಹೂ ಬಿಡುತ್ತದೆಂದು ಯಾವ ಅಂಕಪಟ್ಟಿಯೂ ಹೇಳಲಾರದು.