ಹವಾಯಿ ಗಿಟಾರೂ ನಮ್ಮಪ್ಪನ ಲೇತೂ

ಕಳೆದ ಬೇಸಿಗೆಯ ರಜೆಯಲ್ಲಿ ನಾನು ಹವಾಯಿಗೆ ಹೋಗಿಬಂದೆನೆಂದರೆ ನನ್ನ ತರಗತಿಯ ಮಿತ್ರರು ನಗುವರೆಂಬುದನ್ನು ಬಲ್ಲೆ. ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ ಯಾರ ಮುಖ ಬಾಡಿರುತ್ತದೆಂಬುದು ಅವರಿಗೆ ತಿಳಿಯದ ಸಂಗತಿಯೇನಲ್ಲ. ಆದರೂ ಹೋಗಿಬಂದದ್ದು ನಿಜ. ವಿಮಾನದಲ್ಲಲ್ಲ, ಹಡಗಿನಲ್ಲಲ್ಲ, ಕದಿರೇನಹಳ್ಳಿಯಿಂದ ಕಾಲ್ನಡಿಗೆಯಲ್ಲಿ ಹೊರಟು, ಬನಶಂಕರಿ ಅಮ್ಮನವರ ಗುಡಿಗೆ ಹೊರಗಿನಿಂದಲೇ ಕೈಮುಗಿದು, ಜಯನಗರದ ನಾಲ್ಕನೆಯ ಟಿ ಬ್ಲಾಕಿನಲ್ಲಿ ಒಂದು ಮನೆಯ ಮಹಡಿ ಹತ್ತಿದರೆ ಅಲ್ಲಿಯೇ ಹವಾಯಿ. ಹೋಗುವುದಕ್ಕೆ ಒಂದು ಗಂಟೆ, ಬರುವುದಕ್ಕೆ ಒಂದು ಗಂಟೆ. ಹೀಗೆ ಹತ್ತು ದಿನ.

ಆ ಮನೆಯ ಯಜಮಾನರು ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ಹಿರಿಯರು. ನಲವತ್ತು ವರ್ಷ ಹಗಲೆಲ್ಲ ಲೆಕ್ಕ ಬರೆದು, ರಾತ್ರಿ ಹವಾಯಿ ಗಿಟಾರು ನುಡಿಸಿದವರು. ರಜೆಯಲ್ಲಿ ಹುಡುಗರನ್ನು ಕೂಡಿಸಿ ಹವಾಯಿಯ ಸಂಗೀತ ಮತ್ತು ಸಂಸ್ಕೃತಿಯ ಶಿಬಿರವೊಂದನ್ನು ನಡೆಸಬೇಕೆಂಬುದು ಅವರ ಆಸೆ. ಈ ಸಂಗತಿಯನ್ನು ನನಗೆ ತಿಳಿಸಿದವರು ನಮ್ಮ ಕಾಲೇಜಿನ ಅಧ್ಯಾಪಕರೊಬ್ಬರು. ಶುಲ್ಕವೆಷ್ಟೆಂದು ಕೇಳಿ ನಾನು ಹಿಂದೆ ಸರಿದಾಗ, ಅವರೇ ಮಾತಾಡಿ ಒಂದು ಏರ್ಪಾಡು ಮಾಡಿದರು. ನಾನು ದಿನವೂ ಅರ್ಧ ಗಂಟೆ ಮುಂಚೆ ಹೋಗಿ ಜಮಖಾನೆ ಹಾಸಿ, ಕುರ್ಚಿ ಜೋಡಿಸಿ, ನೀರಿನ ಕ್ಯಾನನ್ನು ಮಹಡಿಗೆ ಹೊತ್ತರೆ ಸಾಕು, ಶುಲ್ಕವಿಲ್ಲ.

ಮನೆಯಲ್ಲಿ ಏನು ಹೇಳುವುದು? ನಮ್ಮ ವಂಶದಲ್ಲಿ ಹತ್ತನೆಯ ತರಗತಿಯನ್ನು ದಾಟಿದವನು ನಾನೊಬ್ಬನೇ. ನಮ್ಮಪ್ಪ ಸಾರಕ್ಕಿಯ ಕಡೆ ಒಂದು ಸಣ್ಣ ಕಾರ್ಖಾನೆಯಲ್ಲಿ ಟರ್ನರ್. ಇಪ್ಪತ್ತಾರು ವರ್ಷಗಳಿಂದ ಅದೇ ಲೇತಿನ ಮುಂದೆ ನಿಂತಿದ್ದಾನೆ. ಮಗ ಬಿ.ಎ. ಮುಗಿಸಿ ಸರ್ಕಾರಿ ಕುರ್ಚಿಯ ಮೇಲೆ ಕೂರಬೇಕೆಂಬುದು ಅವನ ಲೆಕ್ಕಾಚಾರ. ಅಂಥವನ ಮುಂದೆ "ಅಪ್ಪಾ, ಗಿಟಾರು ಕಲಿಯಲು ಹೋಗುತ್ತೇನೆ" ಎನ್ನುವ ಎದೆಗಾರಿಕೆ ನನಗಿರಲಿಲ್ಲ. "ಸ್ಪರ್ಧಾತ್ಮಕ ಪರೀಕ್ಷೆಗೆ ಪುಕ್ಕಟೆ ತರಬೇತಿ" ಎಂದುಬಿಟ್ಟೆ. ಅಪ್ಪ ಹಿಗ್ಗಿ, ಬಸ್ಸಿಗೂ ಚಹಾಕ್ಕೂ ಇರಲೆಂದು ದಿನವೂ ನಲವತ್ತು ರೂಪಾಯಿ ಕೊಡತೊಡಗಿದ. ನಾನು ನಡೆದು ಹೋದದ್ದು ಮಿತವ್ಯಯದಿಂದಲ್ಲ. ಆ ಹಣವನ್ನು ಮುಟ್ಟಲು ಕೈ ಬರಲಿಲ್ಲ.

ಮೊದಲ ದಿನವೇ ಎರಡನೆಯ ಸುಳ್ಳು. ಹದಿನಾಲ್ಕು ಮಂದಿ ವೃತ್ತಾಕಾರವಾಗಿ ಕುಳಿತು ಪರಿಚಯ ಹೇಳಿಕೊಳ್ಳಬೇಕಾಗಿತ್ತು. ಒಬ್ಬನ ತಂದೆ ವೈದ್ಯರು, ಒಬ್ಬಳ ತಾಯಿ ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಅಧಿಕಾರಿ. ನನ್ನ ಸರದಿ ಬಂದಾಗ ನಾಲಗೆ ತನಗೆ ತಾನೇ ಹೊರಳಿ, "ತಂದೆಯವರು ಇಂಜಿನಿಯರಿಂಗ್ ಲೈನಿನಲ್ಲಿದ್ದಾರೆ" ಎಂದಿತು. ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದನ್ನು ಆಡಿದ ರೀತಿಯಲ್ಲಿತ್ತು.

ಇನ್ನು ಶಿಬಿರದ ವಿಚಾರ. ಹವಾಯಿ ಗಿಟಾರನ್ನು ಎದೆಗಾನಿಸಿಕೊಂಡು ನುಡಿಸುವುದಿಲ್ಲ. ತೊಡೆಯ ಮೇಲೆ ಅಂಗಾತ ಮಲಗಿಸುತ್ತಾರೆ. ತಂತಿಗಳು ಮರದ ಹಲಗೆಯಿಂದ ಎತ್ತರದಲ್ಲಿರುತ್ತವೆ. ಬಲಗೈಯ ಬೆರಳುಗಳಿಗೆ ಲೋಹದ ಉಗುರುಗಳನ್ನು ತೊಟ್ಟು ಮೀಟಬೇಕು. ಎಡಗೈಯಲ್ಲಿ ಉಕ್ಕಿನ ಒಂದು ತುಂಡನ್ನು ಹಿಡಿದು ತಂತಿಯ ಮೇಲೆ ಜಾರಿಸಬೇಕು. ಒತ್ತಕೂಡದು, ಎತ್ತಲೂ ಕೂಡದು. ತುಂಡಿನ ಭಾರವಷ್ಟೇ ತಂತಿಯ ಮೇಲಿರಬೇಕು. ಒಂದು ಕೂದಲೆಳೆ ಆಚೀಚೆ ಆದರೂ ಸ್ವರ ಕೆಡುತ್ತದೆ. ಮೇಷ್ಟರು ತಮ್ಮ ಹಳೆಯ ಗಿಟಾರೊಂದನ್ನು ನನಗೆ ಕೊಟ್ಟರು. ಮೊದಲೆರಡು ದಿನ ನನ್ನ ಗಿಟಾರಿನಿಂದ ಹೊರಟ ಧ್ವನಿಯನ್ನು ಕೇಳಿ ಪಕ್ಕದ ಮನೆಯ ನಾಯಿ ಮಾರುತ್ತರ ಕೊಡುತ್ತಿತ್ತೆಂಬುದನ್ನು ಮುಚ್ಚಿಡುವುದೇಕೆ?

ಮಧ್ಯಾಹ್ನದ ಹೊತ್ತು ಸಂಸ್ಕೃತಿಯ ಪಾಠ. ಮೇಷ್ಟರ ಮಗಳು ಹೊನಲುಲುವಿನಲ್ಲಿ ಕೆಲವು ವರ್ಷ ಓದಿ ಬಂದವರು. ಹುಲ ಎಂಬ ನೃತ್ಯದ ಒಂದೆರಡು ಹೆಜ್ಜೆಗಳನ್ನು ಅವರೇ ಕಲಿಸಿದರು. ಸಿನಿಮಾದಲ್ಲಿ ಕಾಣುವಂತೆ ಅದು ಬರಿಯ ಸೊಂಟದ ಕುಣಿತವಲ್ಲ. ಹಾಡಿನ ಮಾತಿಗೆ ಕೈಗಳು ಅರ್ಥ ಹೇಳುತ್ತವೆ, ನಮ್ಮ ಭರತನಾಟ್ಯದ ಅಭಿನಯದಂತೆ. ಹವಾಯಿಯವರ ವರ್ಣಮಾಲೆಯಲ್ಲಿ ಹದಿಮೂರೇ ಅಕ್ಷರ. ನಮ್ಮ ಕೆಸುವಿನ ಗೆಡ್ಡೆ ಅಲ್ಲಿ 'ಕಲೊ'. ಅದನ್ನು ಬೇಯಿಸಿ, ಜಜ್ಜಿ, ನಾದಿ 'ಪೊಯಿ' ಎಂಬ ಆಹಾರವನ್ನು ಮಾಡುತ್ತಾರೆ. ಅವರ ಪುರಾಣದ ಪ್ರಕಾರ ಕೆಸು ಮನುಷ್ಯನಿಗೆ ಅಣ್ಣ. ಸತ್ತು ಹುಟ್ಟಿದ ಮೊದಲ ಮಗುವನ್ನು ಹೂತ ಸ್ಥಳದಲ್ಲಿ ಕೆಸು ಚಿಗುರಿತು. ಎರಡನೆಯ ಮಗುವಿನಿಂದ ಜನ ಬೆಳೆದರು. ಅಣ್ಣ ಅನ್ನ ಕೊಡಬೇಕು, ತಮ್ಮ ಅವನನ್ನು ಕಾಪಾಡಬೇಕು. ಈ ಕಥೆ ಕೇಳಿದ ರಾತ್ರಿ ಮನೆಯಲ್ಲಿ ಅಮ್ಮ ಬಡಿಸಿದ ಸಾರಿನಲ್ಲಿ ಕೆಸುವಿನ ಗೆಡ್ಡೆಯನ್ನು ಕಂಡು ನಾನು ಕ್ಷಣಕಾಲ ಸಂಕೋಚಪಟ್ಟೆನಾದರೂ ತಿನ್ನದೆ ಬಿಡಲಿಲ್ಲ.

ಆದರೆ ನಗುವ ಕಥೆಗಳಷ್ಟೇ ಅಲ್ಲಿರಲಿಲ್ಲ. ಹವಾಯಿ ಒಂದು ಸ್ವತಂತ್ರ ರಾಜ್ಯವಾಗಿತ್ತು. ೧೮೯೩ರಲ್ಲಿ ಅಲ್ಲಿಯ ರಾಣಿ ಲಿಲಿಉಒಕಲಾನಿಯನ್ನು ಪದಚ್ಯುತಳನ್ನಾಗಿ ಮಾಡಿದರು. ಲೋಕವೆಲ್ಲ ಗುನುಗುವ 'ಅಲೋಹಾ ಓಯ್' ಗೀತೆಯನ್ನು ರಚಿಸಿದವಳು ಆಕೆಯೇ. ೧೮೯೬ರಲ್ಲಿ ಶಾಲೆಗಳಲ್ಲಿ ಇಂಗ್ಲಿಷೇ ಮಾಧ್ಯಮವಾಗಬೇಕೆಂಬ ಕಾನೂನು ಬಂದಿತು. ೧೮೯೮ರಲ್ಲಿ ಅಮೆರಿಕವು ದ್ವೀಪಗಳನ್ನು ತನ್ನೊಳಗೆ ಸೇರಿಸಿಕೊಂಡಿತು. ಮನೆಯ ಮಾತು ಮಕ್ಕಳ ನಾಲಗೆಯಿಂದ ಜಾರುತ್ತ ಹೋಯಿತು. ೧೯೭೮ರಲ್ಲಿ ಹವಾಯಿ ಭಾಷೆಗೆ ಮತ್ತೆ ಅಧಿಕೃತ ಸ್ಥಾನ ದೊರೆಯಿತು; ೧೯೮೪ರಲ್ಲಿ ಆ ಭಾಷೆಯಲ್ಲಿಯೇ ನಡೆಯುವ ಶಿಶುವಿಹಾರವನ್ನು ತೆರೆದರು. ಇದನ್ನು ಕೇಳುತ್ತಿದ್ದಾಗ, ಪಕ್ಕದಲ್ಲಿದ್ದ ಜಯನಗರದ ಪುಟ್ಟ ಹುಡುಗನೊಬ್ಬ ನನ್ನನ್ನು ಮೆಲ್ಲಗೆ ಇಂಗ್ಲಿಷಿನಲ್ಲಿ, "ನಲವತ್ತೇಳು ಎಂದರೆ ಎಷ್ಟು?" ಎಂದು ಕೇಳಿದ. ಯಾವ ಕಾನೂನೂ ಇಲ್ಲದೆ ಇಷ್ಟಾಗಿದೆಯಲ್ಲ ಎನ್ನಿಸಿತು.

ನಾಲ್ಕನೆಯ ದಿನ ಮೇಷ್ಟರು ಈ ವಾದ್ಯದ ಹುಟ್ಟನ್ನು ಹೇಳಿದರು. ಗಿಟಾರು ಹವಾಯಿಗೆ ಬಂದದ್ದು ೧೮೩೦ರ ಸುಮಾರಿಗೆ, ದನ ಕಾಯಲು ಬಂದ ಮೆಕ್ಸಿಕೋ ಕಡೆಯ ಗೋವಳರೊಡನೆ. ಅದರ ಮೇಲೆ ಉಕ್ಕನ್ನು ಜಾರಿಸಿದ ಕೀರ್ತಿ ಲಾಯಿಎ ಎಂಬ ಊರಿನ ಜೋಸೆಫ್ ಕೆಕುಕು ಎಂಬ ಹುಡುಗನದು. ರೈಲುಹಳಿಯ ಪಕ್ಕದಲ್ಲಿ ಸಿಕ್ಕಿದ ಒಂದು ಬೋಲ್ಟನ್ನು ತಂತಿಗೆ ತಾಗಿಸಿದಾಗ ಹೊಸ ನಾದ ಹೊರಟಿತಂತೆ. ೧೮೮೯ರ ಸುಮಾರಿನಲ್ಲಿ ಅವನು ಹೊನಲುಲುವಿನ ಕಮೆಹಮೆಹಾ ಶಾಲೆಯಲ್ಲಿ ಓದುತ್ತಿದ್ದ. ಅದು ಹುಡುಗರಿಗೆ ಕೈಕಸುಬನ್ನು ಕಲಿಸುತ್ತಿದ್ದ ಶಾಲೆ. ಅಲ್ಲಿಯ ಲೋಹದ ಕಾರ್ಯಾಗಾರದಲ್ಲಿ ಅವನು ತನ್ನ ಉಕ್ಕಿನ ತುಂಡನ್ನು ತಾನೇ ಮಾಡಿಕೊಂಡನಂತೆ. ಅವನಿಗಿಂತ ಮುಂಚೆ ಭಾರತದಲ್ಲಿ ಹುಟ್ಟಿದ ಗೇಬ್ರಿಯಲ್ ಡೇವಿಯನ್ ಎಂಬ ನಾವಿಕ ಹೊನಲುಲುವಿನಲ್ಲಿ ಹೀಗೆ ನುಡಿಸುತ್ತಿದ್ದನೆಂಬ ಮಾತೂ ಇದೆ. ಅದೇನೇ ಇರಲಿ, ಕೆಕುಕು ೧೯೦೪ರಲ್ಲಿ ತಾಯ್ನಾಡನ್ನು ಬಿಟ್ಟು ಅಮೆರಿಕ, ಯೂರೋಪುಗಳನ್ನೆಲ್ಲ ಸುತ್ತಿ, ೧೯೩೨ರಲ್ಲಿ ಪರಸ್ಥಳದಲ್ಲಿಯೇ ತೀರಿಕೊಂಡ.

ಅವನ ನಾದ ನಮ್ಮ ದೇಶಕ್ಕೂ ಬಂದಿತು. ೧೯೪೦ರ ದಶಕದಲ್ಲಿ ಟಾವ್ ಮೋ ಎಂಬಾತನ ಕುಟುಂಬ ಕಲ್ಕತ್ತದಲ್ಲಿ ನೆಲೆಸಿ ನುಡಿಸಿತು, ಕಲಿಸಿತು. ಬ್ರಿಜ್‌ಭೂಷಣ್ ಕಾಬ್ರಾ ಅವರು ಅದರ ಮೇಲೆ ಹಿಂದೂಸ್ತಾನಿ ರಾಗಗಳನ್ನು ಹರಿಸಿದರು. ವಿಶ್ವಮೋಹನ ಭಟ್ಟರು ವಾದ್ಯವನ್ನೇ ತಿದ್ದಿ ಮೋಹನವೀಣೆ ಎಂದು ಹೆಸರಿಟ್ಟು, ೧೯೯೪ರಲ್ಲಿ ಗ್ರಾಮಿ ಪ್ರಶಸ್ತಿ ಪಡೆದರು. "ಇದು ನಮಗೆ ಹೊಸದೂ ಅಲ್ಲ" ಎಂದರು ಮೇಷ್ಟರು. ಹದಿಮೂರನೆಯ ಶತಮಾನದ ಶಾರ್ಙ್ಗದೇವನ 'ಸಂಗೀತ ರತ್ನಾಕರ'ದಲ್ಲಿ ಬಿದಿರಿನ ತುಂಡನ್ನು ಜಾರಿಸಿ ನುಡಿಸುವ ಏಕತಂತ್ರೀ ವೀಣೆಯ ವರ್ಣನೆಯಿದೆ. ದಕ್ಷಿಣದ ಗೋಟುವಾದ್ಯಕ್ಕೂ ಮೆಟ್ಟಿಲುಗಳಿಲ್ಲ. ಜಾರುವುದೇ ಅದರ ಜೀವ. ಕರ್ನಾಟಕ ಸಂಗೀತದಲ್ಲಿ 'ಜಾರು' ಎಂಬ ಹೆಸರಿನ ಗಮಕವೇ ಇದೆಯಲ್ಲ!

ಅಂದೇ ಅವರು, ಪ್ರತಿಯೊಬ್ಬರೂ ಸ್ವಂತ ಉಕ್ಕಿನ ತುಂಡನ್ನು ತರಬೇಕೆಂದೂ ಅಂಗಡಿಯಲ್ಲಿ ಸಿಗುತ್ತದೆಂದೂ ಹೇಳಿದರು. ಉಳಿದವರು ಅಲ್ಲಿಯೇ ಫೋನಿನಲ್ಲಿ ತರಿಸಲು ಹೇಳಿದರು. ನಾನು ಬೆಲೆ ನೋಡಿ ಫೋನನ್ನು ಜೇಬಿಗಿಳಿಸಿದೆ. ಮನೆಗೆ ನಡೆಯುವಾಗ ಕೆಕುಕುವಿನ ಕಾರ್ಯಾಗಾರವೇ ಕಣ್ಣ ಮುಂದೆ.

ರಾತ್ರಿ ಊಟದ ಹೊತ್ತಿಗೆ ಅಪ್ಪನನ್ನು ಕೇಳಿದೆ: ಹತ್ತೊಂಬತ್ತು ಮಿಲಿಮೀಟರ್ ದಪ್ಪ, ಎಪ್ಪತ್ತಾರು ಮಿಲಿಮೀಟರ್ ಉದ್ದ, ಒಂದು ತುದಿ ಗುಂಡಗಿರಬೇಕು.

"ಪರೀಕ್ಷೆಗೆ ಇದ್ಯಾಕ್ಲಾ?" ಎಂದ ಅಪ್ಪ.

ಮೂರನೆಯ ಸುಳ್ಳು ಗಂಟಲಲ್ಲೇ ನಿಂತಿತು. ಎಲ್ಲವನ್ನೂ ಹೇಳಿದೆ. ಮುಟ್ಟದೆ ಇಟ್ಟಿದ್ದ ನೂರರವತ್ತು ರೂಪಾಯಿಗಳನ್ನು ತಂದು ಮುಂದಿಟ್ಟೆ. ಅಮ್ಮ ಸೌಟನ್ನು ಹಿಡಿದು ಹಾಗೇ ನಿಂತಳು. ಅಪ್ಪ ಬೈಯಲಿಲ್ಲ. ಕೈ ತೊಳೆದು ಬಂದು, "ನಾಳೆ ಸಂಜೆ ಕಾರ್ಖಾನೆ ಹತ್ರ ಬಾ" ಎಂದಷ್ಟೇ ಅಂದ.

ನಾನು ಆ ಕಾರ್ಖಾನೆಯ ಒಳಗೆ ಕಾಲಿಟ್ಟು ಎಂಟು ವರ್ಷಗಳಾಗಿದ್ದವು. ಚಿಕ್ಕಂದಿನಲ್ಲಿ ಊಟದ ಕ್ಯಾರಿಯರ್ ಕೊಡಲು ಹೋಗುತ್ತಿದ್ದೆ. ಹೈಸ್ಕೂಲು ಸೇರಿದ ಮೇಲೆ ನಾಚಿಕೆಯಾಗಿ ಬಿಟ್ಟೆ. ಅಪ್ಪ ಸ್ಟೇನ್‌ಲೆಸ್ ಸ್ಟೀಲಿನ ಒಂದು ತುಂಡನ್ನು ಚಕ್ಕಿಗೆ ಬಿಗಿದು, ತಿರುಗಿಸಿ ನೋಡಿ, ಲೇತನ್ನು ಓಡಿಸಿದ. ಉಕ್ಕು ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡು ಕೆಳಗೆ ಬೀಳತೊಡಗಿತು. ಅವನು ತುಂಡನ್ನು ನೋಡುತ್ತಲೇ ಇರಲಿಲ್ಲ. ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಕೇಳುತ್ತಿದ್ದ. ನಡುವೆ ಥಟ್ಟನೆ ನಿಲ್ಲಿಸಿ, "ಟೂಲು ಮೊಂಡಾಯ್ತು" ಎಂದ. ನನಗೆ ಶಬ್ದದಲ್ಲಿ ಯಾವ ವ್ಯತ್ಯಾಸವೂ ಕೇಳಿಸಿರಲಿಲ್ಲ. ಟೂಲನ್ನು ಮಸೆದು, ಮತ್ತೆ ಓಡಿಸಿ, ವರ್ನಿಯರಿನಿಂದ ಮೂರು ಕಡೆ ಅಳೆದ. ತುದಿಯನ್ನು ದುಂಡು ಮಾಡಿ, ಎಮೆರಿ ಕಾಗದದಿಂದ ಉಜ್ಜಿ, ಕೊನೆಗೆ ಬಟ್ಟೆಯಿಂದ ಮಿರುಗಿಸಿ ನನ್ನ ಅಂಗೈಯಲ್ಲಿಟ್ಟ. ಬೆಚ್ಚಗಿತ್ತು.

"ನಿಮ್ ಮೇಷ್ಟ್ರು ನಿಮ್ಮಪ್ಪ ಏನ್ ಕೆಲ್ಸ ಮಾಡ್ತಾನೆ ಅಂತ ಕೇಳ್ಲಿಲ್ವಾ?"

"ಕೇಳಿದ್ರು."

"ಏನಂದೆ?"

ನಾನು ಮಾತಾಡಲಿಲ್ಲ. ಅವನು ಮತ್ತೆ ಕೇಳಲೂ ಇಲ್ಲ. ಪೊರಕೆ ತೆಗೆದುಕೊಂಡು ಲೇತಿನ ಕೆಳಗಿನ ಉಕ್ಕಿನ ಸುರುಳಿಗಳನ್ನು ಗುಡಿಸತೊಡಗಿದ. ಮಾನ್ಯ ವಾಚಕರೇ, ಮೂರು ವರ್ಷ ಬಿ.ಎ. ತರಗತಿಯಲ್ಲಿ ಕುಳಿತು ನಾನು ಬರೆದ ಯಾವ ಪರೀಕ್ಷೆಯಲ್ಲಿಯೂ ಅಷ್ಟು ಕಠಿಣವಾದ ಪ್ರಶ್ನೆ ಬಂದಿರಲಿಲ್ಲ.

ಮರುದಿನ ಆ ತುಂಡು ಶಿಬಿರದಲ್ಲಿ ಕೈಯಿಂದ ಕೈಗೆ ಹೋಯಿತು. ಯಾವ ಕಂಪನಿಯದು ಎಂದೊಬ್ಬ, ಅಮೆರಿಕದಿಂದ ತರಿಸಿದೆಯಾ ಎಂದೊಬ್ಬಳು. ಮೇಷ್ಟರು ಅದನ್ನು ತಂತಿಯ ಮೇಲೆ ಹರಿಸಿ, ಕಣ್ಣು ಮುಚ್ಚಿ, "ಇದನ್ನು ಮಾಡಿದವರು ಯಾರಪ್ಪ?" ಎಂದರು.

"ನಮ್ಮ ತಂದೆ, ಸಾರ್. ಸಾರಕ್ಕಿಯಲ್ಲಿ ಲೇತು ಓಡಿಸುತ್ತಾರೆ. ಮೊದಲ ದಿನ ನಾನು ಸರಿಯಾಗಿ ಹೇಳಿರಲಿಲ್ಲ."

ಆಕಾಶವೇನೂ ಬೀಳಲಿಲ್ಲ. ಮೇಷ್ಟರು, "ನನಗೂ ಒಂದು ಮಾಡಿಕೊಡುತ್ತಾರೆಯೇ ಕೇಳು" ಎಂದರು. ಅವರನ್ನು ನೋಡಿ ಇನ್ನೂ ನಾಲ್ವರು ಕೇಳಿದರು. ಅಪ್ಪ ಐದನ್ನೂ ಮಾಡಿಕೊಟ್ಟ. ಮಾಲೀಕರಿಗೆ ಹೇಳಿ, ನ್ಯಾಯವಾದ ಕೂಲಿಯನ್ನು ಲೆಕ್ಕ ಹಾಕಿ ಪಡೆದ. ನನ್ನದಕ್ಕೆ ಮಾತ್ರ, "ನೀನು ಕೆಲ್ಸಕ್ಕೆ ಸೇರ್ದಾಗ ಕೊಡೀವಂತೆ" ಎಂದು ಬಾಕಿ ಬರೆಸಿಕೊಂಡಿದ್ದಾನೆ.

ಶಿಬಿರ ಮುಗಿದ ದಿನ ಎಲ್ಲರೂ ಒಬ್ಬರಿಗೊಬ್ಬರು ಹೂವಿನ ಹಾರ ಹಾಕಿದೆವು. ಹವಾಯಿಯಲ್ಲಿ ಅದಕ್ಕೆ 'ಲೇ' ಎನ್ನುತ್ತಾರೆ. ಅವರು 'ಪಿಕಾಕೆ' ಎಂದು ಕರೆದು ಹಾರ ಕಟ್ಟುವ ಹೂ ನಮ್ಮ ದುಂಡುಮಲ್ಲಿಗೆಯೇ ಆದ್ದರಿಂದ ಜಯನಗರದ ಮಾರುಕಟ್ಟೆಯಲ್ಲಿ ಅದಕ್ಕೆ ಬರವಿರಲಿಲ್ಲ. ಮೇಷ್ಟರು ಹಳೆಯ ಗಿಟಾರನ್ನು ಪರೀಕ್ಷೆ ಮುಗಿಯುವವರೆಗೆ ಇಟ್ಟುಕೋ ಎಂದರು.

ಆ ರಾತ್ರಿ ನಮ್ಮ ಒಂದೇ ಕೋಣೆಯ ಮನೆಯಲ್ಲಿ, ಕೊರಳಿನ ಹಾರವನ್ನು ಅಮ್ಮನ ಕೈಗೆ ಕೊಟ್ಟು, ಕಲಿತ ಒಂದೇ ಒಂದು ಹಾಡನ್ನು ನುಡಿಸಿದೆ. ಅಪ್ಪ ಗೋಡೆಗೊರಗಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಕೇಳಿದ. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಚೆನ್ನಾಗೈತೆ. ಮಧ್ಯದಲ್ಲಿ ಎರಡು ಕಡೆ ಒಂದ್ ನೂಲು ಆಚೆ ಹೋಯ್ತು" ಎಂದ.

ಎರಡೇ ಕಡೆ, ನಿಜ. ಮೇಷ್ಟರೂ ಅದೇ ಎರಡು ಕಡೆಗಳನ್ನು ತೋರಿಸಿ ತಿದ್ದಿದ್ದರು. ಈಗ ದಿನವೂ ಆ ಎರಡು ಸ್ವರಗಳನ್ನು ಅಭ್ಯಾಸ ಮಾಡುತ್ತಿದ್ದೇನೆ. ಯಾರಾದರೂ ತಂದೆಯವರು ಏನು ಮಾಡುತ್ತಾರೆಂದು ಕೇಳಿದರೆ, ಟರ್ನರ್ ಎನ್ನುತ್ತೇನೆ.