ಕುಲುಮೆಯೊಳಗಿನ ಹೋತ

ಬೇಸಗೆಯ ರಜೆ ಬಂದಿತೆಂದರೆ ನಮ್ಮ ಕಾಲೇಜಿನ ಸಹೋದ್ಯೋಗಿಗಳು ಊಟಿಗೋ ಮಡಿಕೇರಿಗೋ ಹೊರಡುವುದು ವಾಡಿಕೆ. ನಾನು ಮಾತ್ರ ಮೇ ತಿಂಗಳ ಉರಿಬಿಸಿಲಿನಲ್ಲಿ ಉಕ್ಕು ಕಾಯಿಸುವ ಊರಿಗೆ ಹೋಗಿಬಂದೆ. ನನ್ನ ಪತ್ನಿಯ ದೊಡ್ಡಪ್ಪನವರು ಭಿಲಾಯಿಯಲ್ಲಿ ನೆಲಸಿ ಐವತ್ತು ವರ್ಷಗಳಾದವು. "ಒಮ್ಮೆಯಾದರೂ ಬನ್ನಿ, ಅಳಿಯಂದಿರೇ" ಎಂಬ ಅವರ ಆಹ್ವಾನಕ್ಕೆ ನೆಪ ಹೇಳಿ ಹೇಳಿ ನನಗೇ ನಾಚಿಕೆಯಾಗಿತ್ತು.

ನಾಗಪುರ ಹಿಂದಾದ ಮೇಲೆ ಗೋಂದಿಯಾ, ಡೊಂಗರಗಢ, ರಾಜನಾಂದಗಾಂವ್‌ಗಳನ್ನು ದಾಟಿ ರೈಲು ದುರ್ಗವನ್ನು ಮುಟ್ಟಿತು. ಹೆಸರು ಕೇಳಿ ನಮ್ಮ ಚಿತ್ರದುರ್ಗವನ್ನು ನೆನೆದವನಿಗೆ ಕಂಡದ್ದು ಬರಿಯ ಬಯಲು. ಅದರ ಮಗ್ಗುಲಲ್ಲೇ ಭಿಲಾಯಿ. 1955ರ ಫೆಬ್ರವರಿ 2ರಂದು ಭಾರತ ಮತ್ತು ಸೋವಿಯತ್ ಸರ್ಕಾರಗಳು ವರ್ಷಕ್ಕೆ 10 ಲಕ್ಷ ಟನ್ ಉಕ್ಕಿನ ಕಾರ್ಖಾನೆಗೆಂದು ಒಪ್ಪಂದ ಮಾಡಿಕೊಂಡವು. 1959ರ ಫೆಬ್ರವರಿ 4ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಮೊದಲನೆಯ ಊದುಕುಲುಮೆಯನ್ನು ಉದ್ಘಾಟಿಸಿದರು. ಅಂದು ಮಧ್ಯಪ್ರದೇಶಕ್ಕೆ ಸೇರಿದ್ದ ಊರು 2000ದಿಂದ ಛತ್ತೀಸಗಢದಲ್ಲಿದೆ. ಇಲ್ಲಿಯ ಬಡಾವಣೆಗಳಿಗೆ ಹೆಸರಿಗಿಂತ ಸಂಖ್ಯೆಯೇ ಹೆಚ್ಚು ಪರಿಚಿತ. ವಿಳಾಸ ಹುಡುಕುವುದು ಲೆಕ್ಕ ಮಾಡಿದಷ್ಟೇ ಸುಲಭ.

ಯಂತ್ರಗಳೊಡನೆ ನಕ್ಷೆಗಳೂ ಬಂದವಷ್ಟೆ? ನಕ್ಷೆಗಳು ರಷ್ಯನ್ನಿನಲ್ಲಿ, ಅವುಗಳನ್ನು ಓದಬೇಕಾದ ನಮ್ಮ ಎಂಜಿನಿಯರರು ಬಲ್ಲದ್ದು ಇಂಗ್ಲಿಷು. ನಡುವೆ ನಿಂತವರು ಭಾಷಾಂತರಕಾರರು. ಭದ್ರಾವತಿಯಲ್ಲಿ ಹುಟ್ಟಿದ ದೊಡ್ಡಪ್ಪನವರು ರಷ್ಯನ್ ಕಲಿತು ಆ ಕೆಲಸಕ್ಕೆ ಸೇರಿದ್ದು ಎಪ್ಪತ್ತರ ದಶಕದಲ್ಲಿ. ಮಧ್ಯಾಹ್ನದ ಊಟವಾದ ಮೇಲೆ, ಕಿಟಕಿಗಳಿಗೆಲ್ಲ ಪರದೆ ಎಳೆದು, ಅವರು ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ನನ್ನ ಮುಂದಿಟ್ಟರು. ಪ್ರತಿ ಪುಟದಲ್ಲೂ ಮೂರು ಅಂಕಣಗಳು: ರಷ್ಯನ್, ಇಂಗ್ಲಿಷ್, ಕನ್ನಡ.

"ಇದನ್ನು ನೋಡಿ. 'ಕಜ್ಯೋಲ್'. ನಿಘಂಟಿನಲ್ಲಿ ಇದರ ಅರ್ಥ ಹೋತ. ಊದುಕುಲುಮೆಯ ತಳದಲ್ಲಿ ಹೋತ ಕೂತಿದೆ ಎಂದು ರಷ್ಯದ ತಜ್ಞ ಬರೆದರೆ ನೀವೇನು ಮಾಡುವಿರಿ?"

ಕುಲುಮೆಯ ತಳದಲ್ಲಿ ಕರಗಿದ ಕಬ್ಬಿಣ ತಣಿದು ಗಟ್ಟಿಯಾಗಿ, ಹೊರಗೂ ಬಾರದೆ ಮತ್ತೆ ಕರಗಲೂ ಒಲ್ಲದೆ ಕುಳಿತರೆ ಅದು ರಷ್ಯನ್ನರಿಗೆ ಹೋತ. ಇಂಗ್ಲಿಷಿನವರಿಗೆ ಅದೇ ಸಾಲಮ್ಯಾಂಡರ್, ಅಂದರೆ ಬೆಂಕಿಯಲ್ಲೇ ಬದುಕುತ್ತದೆಂದು ಹಳಬರು ನಂಬಿದ್ದ ಹಲ್ಲಿಯಂಥ ಜೀವಿ; ಕೆಲವರು ಕರಡಿ ಎನ್ನುವುದೂ ಉಂಟು. ಆ ಹೋತವೇ ಕುಲುಮೆಯಿಂದ ಹೊರಗೆ ಬಂದು ಕ್ರೇನಿನ ಹೆಸರಿಗೆ ಅಂಟಿಕೊಂಡರೆ, ಕಾಲೂರಿ ನಿಂತು ಭಾರ ಎತ್ತುವ ಗ್ಯಾಂಟ್ರಿ ಕ್ರೇನಾಗುತ್ತದೆ! ಅಚ್ಚಿನಲ್ಲಿ ಎರೆದ ಬೀಡು ಕಬ್ಬಿಣದ ಗಟ್ಟಿಯನ್ನು ಮಾತ್ರ ಇಬ್ಬರೂ ಹಂದಿಯೆಂದೇ ಕಂಡಿದ್ದಾರೆ. ಇಂಥ ಸುಖ ಭಾಷಾಂತರಕಾರನಿಗೆ ಅಪರೂಪ.

ಭಿಲಾಯಿ ಹಳಿಗಳಿಗೆ ಹೆಸರಾದ ಊರು. ರಷ್ಯನ್ನಿನಲ್ಲಿ ಹಳಿಗೆ ತಲೆ, ಕೊರಳು, ಅಂಗಾಲು. ಇಂಗ್ಲಿಷಿನಲ್ಲಿ ಹೆಡ್, ವೆಬ್, ಫುಟ್. ನಡುವಿನ ಆ 'ಶೇಯ್ಕ', ಪುಟ್ಟ ಕೊರಳು, ದೊಡ್ಡಪ್ಪನವರನ್ನು ಬಹಳ ಕಾಡಿಸಿತಂತೆ. ಹಳಿಯಲ್ಲಿ ಅದು ವೆಬ್. ಬೇರಿಂಗಿನಲ್ಲಿ ತಿರುಗುವ ದಂಡದ ಭಾಗವಾದರೆ ಜರ್ನಲ್. ಒಮ್ಮೆ ರಷ್ಯನ್ ತಜ್ಞರೊಬ್ಬರ ಪತ್ನಿ ಜಾರಿಬಿದ್ದಾಗ ಇವರನ್ನು ಆಸ್ಪತ್ರೆಗೆ ಕರೆದೊಯ್ದರು. 'ಶೇಯ್ಕ' ಮುರಿದಿದೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಾಲಗೆಯ ತುದಿಗೆ ಬಂದದ್ದು ಜರ್ನಲ್! ಮುರಿದಿದ್ದುದು ತೊಡೆಮೂಳೆಯ ಕೊರಳು.

ನಗುತ್ತಿದ್ದವರು ಪುಟ ತಿರುವಿ ಸುಮ್ಮನಾದರು. ಅಲ್ಲಿ ಕೆಂಪು ಶಾಯಿಯಲ್ಲಿ 'ಕಂತ್ರೋಲ್' ಎಂದಿತ್ತು. ಕೆಲವು ತಿಂಗಳು ಅವರನ್ನು ಬೇರೆ ಊರಿನ ಕಾರ್ಖಾನೆಯೊಂದಕ್ಕೆ ಕಳುಹಿಸಿದ್ದರು, ಹೆಸರು ಬೇಡ. ಅನಿಲದ ಒತ್ತಡಕ್ಕೆ ಸಂಬಂಧಿಸಿದ ಉಪಕರಣದ ಕೈಪಿಡಿಯಲ್ಲಿ ಈ ಮಾತು ಬಂದಿತು. ಕಂಟ್ರೋಲ್ ಎಂದೇ ಬರೆದುಬಿಟ್ಟರು. ಬರೆಯದೆ ಇನ್ನೇನು? ಕಿವಿಗೆ ಎರಡೂ ಒಂದೇ. ಆದರೆ ಆ ರಷ್ಯನ್ ಪದಕ್ಕೆ ಅಲ್ಲಿದ್ದ ಅರ್ಥ ಪರಿಶೀಲನೆ ಎಂದು ಮಾತ್ರ. ಹತೋಟಿಗೆ ಅವರಲ್ಲಿ ಬೇರೆಯೇ ಪದವಿದೆ. ಉಪಕರಣ ಒತ್ತಡವನ್ನು ತೋರಿಸುತ್ತಿತ್ತೇ ಹೊರತು ತಾನಾಗಿ ಇಳಿಸುತ್ತಿರಲಿಲ್ಲ. ಕೈಪಿಡಿಯನ್ನು ನಂಬಿದವನು ಅದು ಇಳಿಸೀತೆಂದು ಕೈಕಟ್ಟಿ ಕೂರುತ್ತಿದ್ದ.

"ಒಬ್ಬ ವೃದ್ಧ ಫೋರ್‌ಮನ್ ಓದಿ ಕೇಳಿದ, 'ಸಾಹೇಬರೆ, ಇದೇ ಎಲ್ಲ ಮಾಡುವುದಾದರೆ ಕವಾಟ ತಿರುಗಿಸುವ ಚಕ್ರವನ್ನು ನನ್ನ ಪಕ್ಕದಲ್ಲಿ ಏಕೆ ಇಟ್ಟಿದ್ದಾರೆ?' ಅಂತ. ಕೆಲಸ ಇನ್ನೂ ಆರಂಭವಾಗಿರಲಿಲ್ಲ, ಬದುಕಿಕೊಂಡೆವು. ಆ ರಾತ್ರಿ ನಾನು ಮಲಗಲಿಲ್ಲ. ಅಂದಿನಿಂದ ಪದ ಬರೆಯುವ ಮೊದಲು ವಸ್ತು ಎಲ್ಲಿದೆ ಎಂದು ಹೋಗಿ ನೋಡಿಬರುತ್ತಿದ್ದೆ."

ಕಾವ್ಯದ ಪಾಠಾಂತರಗಳಿಗಾಗಿ ತಲೆ ಕೆಡಿಸಿಕೊಳ್ಳುವ ನನ್ನಂಥವನಿಗೆ ಇದಕ್ಕೆ ಉತ್ತರ ಹೊಳೆಯಲಿಲ್ಲ. ನಮ್ಮಲ್ಲಿ ತಪ್ಪು ಅರ್ಥಕ್ಕೆ ಹೆಚ್ಚೆಂದರೆ ಒಂದು ಖಂಡನ ಲೇಖನ ಬಂದೀತು.

ಸಂಜೆ ಮೈತ್ರಿಬಾಗ್ ನೋಡಿಬಂದೆವು. 1972ರಲ್ಲಿ ಉಭಯ ದೇಶಗಳ ಸ್ನೇಹದ ಗುರುತಾಗಿ ಮಾಡಿದ ಉದ್ಯಾನ ಮತ್ತು ಮೃಗಾಲಯ ಅದು. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು, ಹೆಸರು ಉಳಿದಿದೆ.

ರಾತ್ರಿ ತಾರಸಿಯ ಮೇಲೆ ಚಾಪೆ ಹಾಸಿದರು. ದೊಡ್ಡಪ್ಪನವರು ಪುಸ್ತಕವನ್ನೂ ಟಾರ್ಚನ್ನೂ ತಂದಿದ್ದರು. 'ಕೋವ್ಷ್' ಎಂಬ ಪದದ ಮೇಲೆ ಬೆಳಕು ಬಿಟ್ಟರು. ಉಕ್ಕಿನ ಶಾಲೆಯಲ್ಲಿ ಲ್ಯಾಡಲ್. ರಾಜಹರಾದ ಗಣಿಯಲ್ಲಿ ಅದಿರು ಬಾಚುವ ಯಂತ್ರದ ಬಕೆಟ್. ಮೂರನೆಯದಕ್ಕೆ ಮೇಲೆ ನೋಡಿ ಎಂದು ಕೈ ತೋರಿಸಿದರು. ರಷ್ಯನ್ನರು ಸಪ್ತರ್ಷಿಮಂಡಲವನ್ನು ದೊಡ್ಡ ಕೋವ್ಷ್ ಎನ್ನುತ್ತಾರೆ. ಕನ್ನಡದ ಅಂಕಣದಲ್ಲಿ ಸೌಟು, ಬಕೆಟ್ಟು, ಸಪ್ತರ್ಷಿಗಳು ಮೂರೂ ಇದ್ದವು. ಆದರೆ ಮುಂದಿನ ಪುಟಗಳಲ್ಲಿ ಆ ಅಂಕಣ ಬಹುಮಟ್ಟಿಗೆ ಖಾಲಿ. ಹೋತದ ಎದುರಿಗೂ ಖಾಲಿ.

"ನಮ್ಮ ತಂದೆ ಭದ್ರಾವತಿಯ ಕುಲುಮೆಯಲ್ಲಿದ್ದರು. 1923ರಲ್ಲೇ ಅಲ್ಲಿ ಕಬ್ಬಿಣ ಇಳಿಸಿದ್ದರಲ್ಲ, ಕೆಲಸಗಾರರು ಇದಕ್ಕೆ ಏನೋ ಒಂದು ಹೆಸರು ಹೇಳುತ್ತಿದ್ದರಂತೆ. ಊರಿಗೆ ಹೋದಾಗ ಅವರನ್ನು ಕೇಳಿ ಬರೆದುಕೊಳ್ಳೋಣ ಎಂದಿದ್ದೆ. ಅಷ್ಟರಲ್ಲಿ ಅವರು ತೀರಿಕೊಂಡರು. ನೀವು ಕನ್ನಡ ಎಂ.ಎ. ಅಲ್ಲವೆ, ನಿಮಗೆ ಗೊತ್ತಿರಬೇಕು."

ನನಗೆ ಗೊತ್ತಿರಲಿಲ್ಲ. ಹೊರಡುವ ದಿನ ಖಾಲಿ ಉಳಿದ ನಲವತ್ತು ಪದಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ. ಭದ್ರಾವತಿಯ ಹಳೆಯ ನಗರದಲ್ಲಿ ಕುಲುಮೆಯ ಮುಂದೆ ದುಡಿದ ತೊಂಬತ್ತರ ಹಿರಿಯರೊಬ್ಬರಿದ್ದಾರೆಂದು ಸ್ನೇಹಿತರು ತಿಳಿಸಿದ್ದಾರೆ. ಅವರಿಗೆ ಕಿವಿ ಮಂದವಂತೆ, ನೆನಪು ಚುರುಕಂತೆ. ಬರುವ ಭಾನುವಾರ ಹೋಗುವವನಿದ್ದೇನೆ.