ಅನೇಕಾಂತವೂ ಮಹಡಿಯ ಕೋಣೆಯೂ

ಮಧುಗಿರಿಯ ಪೇಟೆಯಲ್ಲಿ ಮೂವತ್ತೈದು ವರ್ಷಕ್ಕೂ ಮೇಲ್ಪಟ್ಟು ಎಣ್ಣೆ, ಬೇಳೆಕಾಳುಗಳ ವ್ಯಾಪಾರ ಮಾಡುತ್ತ, ಬಿಡುವಿನ ವೇಳೆಯಲ್ಲಿ ಯಥಾಶಕ್ತಿ ಶಾಸ್ತ್ರಗ್ರಂಥಗಳನ್ನು ಓದಿಕೊಂಡು ಬಂದವನು ನಾನು. ಉಪದೇಶ ಮಾಡುವ ಅಧಿಕಾರ ನನಗಿಲ್ಲ. ಎರಡು ವರ್ಷಗಳ ಹಿಂದೆ ಉಪದೇಶ ಮಾಡಲು ಹೋಗಿ, ತಿರುಗಿ ಉಪದೇಶ ಪಡೆದು ಬಂದೆ. ಆ ಪ್ರಸಂಗವನ್ನು ನಿಮ್ಮ ಮುಂದಿಡುವುದು ಕರ್ತವ್ಯವೆಂದು ಭಾವಿಸಿದ್ದೇನೆ.

ನಮ್ಮ ಸೀಮೆಯ ಒಂದು ಪದವಿ ಕಾಲೇಜಿನ ಅಧ್ಯಾಪಕರು ಅಂಗಡಿಗೆ ಬಂದು, ಬಿ.ಕಾಂ. ವಿದ್ಯಾರ್ಥಿಗಳಿಗೆ ‘ಜಾಗತಿಕ ಸಮಸ್ಯೆಗಳು ಮತ್ತು ಸಂಸ್ಕೃತಿಗಳ ಪರಸ್ಪರ ಅರಿವು’ ಎಂಬ ವಿಷಯವಾಗಿ ಒಂದು ಗಂಟೆ ಮಾತನಾಡಬೇಕೆಂದು ಕೇಳಿದರು. “ನಾನು ಅಂಗಡಿಯವನು ಸ್ವಾಮಿ, ಜಗತ್ತನ್ನು ಎಲ್ಲಿ ಕಂಡಿದ್ದೇನೆ?” ಎಂದೆ. “ಶಿರಾ, ಕೊರಟಗೆರೆ, ಪಾವಗಡ, ಮೂರು ಕಡೆಯ ಜನವೂ ನಿಮ್ಮ ಅಂಗಡಿಗೆ ಬರುತ್ತಾರೆ. ಅದರ ಮೇಲೆ ಅನೇಕಾಂತ ಬಲ್ಲವರು. ಇನ್ನೇನು ಬೇಕು?” ಎಂದರು. ಆ ಮಾತಿಗೆ ನಾನು ಉಬ್ಬಿಹೋದೆನೆಂಬುದನ್ನು ಮುಚ್ಚಿಡಲಾರೆ.

ನಾನು ಬಿ.ಕಾಂ. ಓದುವಾಗ ಇಂಥ ಪಾಠಗಳಿರಲಿಲ್ಲ. ಆಗ ತುಮಕೂರು ಜಿಲ್ಲೆಯ ಕಾಲೇಜುಗಳು ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ತುಮಕೂರು ವಿಶ್ವವಿದ್ಯಾಲಯ ಹುಟ್ಟಿದ್ದು 2004ರಲ್ಲಿ. ಲೆಕ್ಕಶಾಸ್ತ್ರ, ವಾಣಿಜ್ಯ ಕಾನೂನು, ಬ್ಯಾಂಕಿಂಗ್ ಇಷ್ಟೇ ನಮ್ಮ ಪ್ರಪಂಚ. ಮುಂದೆ ಎಂ.ಸಿ. ಮೆಹ್ತಾ ಅವರು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1991ರಲ್ಲಿ ಆದೇಶ ನೀಡಿ, 2003ರಲ್ಲಿ ಮತ್ತೆ ಒತ್ತಾಯಿಸಿದ ಮೇಲೆ, ಪದವಿಯ ಎಲ್ಲ ವಿಭಾಗಗಳಿಗೂ ಪರಿಸರ ಅಧ್ಯಯನ ಕಡ್ಡಾಯವಾಯಿತು. 2021ರಲ್ಲಿ ನಮ್ಮ ರಾಜ್ಯವು ಹೊಸ ಶಿಕ್ಷಣ ನೀತಿಯನ್ನು ಜಾರಿಗೆ ತಂದಾಗ, ವಾಣಿಜ್ಯದ ವಿದ್ಯಾರ್ಥಿ ಕಲಾ ವಿಭಾಗದ ಒಂದು ವಿಷಯವನ್ನು ಆರಿಸಿಕೊಳ್ಳುವ ಅವಕಾಶ ದೊರೆಯಿತು. 2024ರಲ್ಲಿ ಸರ್ಕಾರ ಆ ಪದ್ಧತಿಯನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಪದ್ಧತಿ ಬದಲಾದರೂ ಪರಿಸರ, ಸಂವಿಧಾನಗಳ ಪಾಠ ಪದವಿಯೊಳಗೆ ನಿಂತಿದೆ. ಲೆಕ್ಕ ಕಲಿಯುವ ಹುಡುಗನಿಗೆ ಲೋಕವೂ ತಿಳಿದಿರಬೇಕು ಎಂಬ ಭಾವನೆ ಬೇರೂರಿರುವುದು ಸಂತೋಷದ ಸಂಗತಿ.

ಆ ದಿನ ನಾನು ಅಂಗಡಿಯಿಂದಲೇ ಮಾತು ಆರಂಭಿಸಿದೆ. ಪಾವಗಡ, ಶಿರಾ, ಮಧುಗಿರಿಯ ಕೆಂಪು ನೆಲ ಕಡಲೆಕಾಯಿಯ ನೆಲ. 1994ರಲ್ಲಿ ಕೇಂದ್ರ ಸರ್ಕಾರ ಪಾಮೋಲಿನ್ ಎಣ್ಣೆಯ ಆಮದನ್ನು ವ್ಯಾಪಾರಿಗಳಿಗೆ ತೆರೆದಿಟ್ಟ ಮೇಲೆ, ಮಲೇಷಿಯಾ, ಇಂಡೋನೇಷಿಯಾಗಳ ತಾಳೆಮರ ನಮ್ಮ ರೈತನ ಹೊಲದೊಡನೆ ಪೈಪೋಟಿಗೆ ನಿಂತಿತು. ನನ್ನ ಅಂಗಡಿಯಲ್ಲಿ ಕಡಲೆಕಾಯಿ ಎಣ್ಣೆಯ ಡಬ್ಬ ಹಿಂದಕ್ಕೆ ಸರಿದು ಪಾಮೋಲಿನ್ ಮುಂದಕ್ಕೆ ಬಂತು. 2022ರ ಫೆಬ್ರವರಿಯಲ್ಲಿ ಉಕ್ರೇನಿನಲ್ಲಿ ಯುದ್ಧ ಆರಂಭವಾದಾಗ ಸೂರ್ಯಕಾಂತಿ ಎಣ್ಣೆಯ ಬೆಲೆ ಏರಿತು. ಅದೇ ಏಪ್ರಿಲ್ 28ರಿಂದ ಇಂಡೋನೇಷಿಯಾ ತಾಳೆಎಣ್ಣೆಯ ರಫ್ತನ್ನೇ ನಿಲ್ಲಿಸಿತು. ಮೇ 23ರಂದು ಮತ್ತೆ ಬಿಟ್ಟಿತು. ಆ ದಿನಗಳಲ್ಲಿ ಒಗ್ಗರಣೆಗೆ ಎಣ್ಣೆ ಕೊಳ್ಳಲು ಬಂದ ಕೂಲಿಯ ಹೆಣ್ಣುಮಗಳು ಕಾಲು ಲೀಟರಿಗೆ ಇಳಿದಳು. ಅವಳು ಉಕ್ರೇನಿನ ಹೆಸರು ಕೇಳಿದವಳಲ್ಲ. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆ ಜಮೀನನ್ನು ರೈತರಿಂದ ಗುತ್ತಿಗೆಗೆ ಪಡೆದು 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಸ್ಥಾವರ ಕಟ್ಟಿದ್ದನ್ನೂ ಹೇಳಿದೆ. ಭೂಮಿಯ ತಾಪ ಏರುವುದನ್ನು ತಡೆಯುವ ಜಗತ್ತಿನ ಪ್ರಯತ್ನದಲ್ಲಿ ಆ ಬರದ ನೆಲವೂ ಪಾಲು ಪಡೆದಿದೆ. ಗುತ್ತಿಗೆಯ ಹಣ ಜಮೀನಿದ್ದವನ ಕೈಗೆ ಬರುತ್ತದೆ, ಆ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವನ ಪಾಡೇನೆಂಬುದನ್ನೂ ಕೇಳಬೇಕು ಎಂದೆ. ಮಕ್ಕಳು ಬರೆದುಕೊಂಡರು.

ಬಳಿಕ ಸಂಸ್ಕೃತಿಗಳ ವಿಷಯ. ನಮ್ಮ ಮಧುಗಿರಿಯಲ್ಲಿ ಮಲ್ಲಿನಾಥ ಸ್ವಾಮಿಯ ಬಸದಿ, 1687ರ ನಂತರ ಮೊಘಲರ ಸುಬಾದ ರಾಜಧಾನಿಯಾಗಿದ್ದ ಶಿರಾದಲ್ಲಿ ಮಲಿಕ್ ರಿಹಾನನ ದರ್ಗಾ, ಕೊರಟಗೆರೆಯ ಸಿದ್ಧರಬೆಟ್ಟ, ಪಾವಗಡದ ನಿಡಗಲ್ ದುರ್ಗದಲ್ಲಿ ಶಿವಾಲಯಗಳ ಜೊತೆಗೆ ಪಾರ್ಶ್ವನಾಥ ಬಸದಿ. ಪಾವಗಡದವರು ಮನೆಯಲ್ಲಿ ತೆಲುಗು ಆಡಿ ಶಾಲೆಯಲ್ಲಿ ಕನ್ನಡ ಓದುತ್ತಾರೆ. ಇಷ್ಟನ್ನೆಲ್ಲ ವರ್ಣಿಸಿ, ಆನೆಯನ್ನು ಮುಟ್ಟಿದ ಕುರುಡರ ದೃಷ್ಟಾಂತ ಹೇಳಿ, ಅನೇಕಾಂತವೇ ಜಗತ್ತಿನ ಕಲಹಗಳಿಗೆ ಮದ್ದು ಎಂದು ಮುಗಿಸಿದೆ. ಚಪ್ಪಾಳೆಯೂ ಬಂತು.

ಆಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದ. ಮಾತಿನ ಧಾಟಿ ಪಾವಗಡದ ಕಡೆಯದು. “ಸಾರ್, ಈ ಕಡೆ ಊರುಗಳಲ್ಲಿ ಓದೋಕೆ ಅಂತ ರೂಮು ಕೇಳೋಕ್ ಹೋದ್ರೆ, ಮೊದಲು ಊಟ ಏನು ಅಂತಾರೆ, ಆಮೇಲೆ ಯಾವ ಜನ ಅಂತಾರೆ. ಹೇಳಿದ ಮೇಲೆ ರೂಮು ಖಾಲಿ ಇಲ್ಲ ಅಂತಾರೆ. ನೀವು ಹೇಳಿದ ಅನೇಕಾಂತದಲ್ಲಿ ಇದಕ್ಕೇನಾದ್ರೂ ಇದೆಯಾ ಸಾರ್?” ಅವನು ನನ್ನನ್ನು ಚುಚ್ಚಲು ಕೇಳಿದ್ದಲ್ಲ. ನನ್ನ ಮನೆಯ ಮಹಡಿಯಲ್ಲಿ ಒಂದು ಕೋಣೆ ಏಳು ತಿಂಗಳಿನಿಂದ ಖಾಲಿ ಇತ್ತೆಂಬುದು, ಕೇಳಲು ಬಂದಿದ್ದ ಮೂವರು ಹುಡುಗರನ್ನು ನಾನು ಹಿಂದಕ್ಕೆ ಕಳಿಸಿದ್ದೆನೆಂಬುದು ಅವನಿಗೆ ಗೊತ್ತಿರಲಿಲ್ಲ. ನಾನು ಅಹಿಂಸಾವ್ರತ, ಆಹಾರಶುದ್ಧಿ ಎಂದು ಏನೋ ಹೇಳಿದೆ. ಅವನು “ಸರಿ ಸಾರ್” ಎಂದು ಕುಳಿತ. ಆ “ಸರಿ” ನನ್ನ ಜೊತೆಯಲ್ಲೇ ಬಸ್ಸು ಹತ್ತಿ ಮನೆಯವರೆಗೂ ಬಂತು.

ರಾತ್ರಿ ನಿದ್ದೆ ಹತ್ತಲಿಲ್ಲ. ಹಿಂದಕ್ಕೆ ಕಳಿಸಿದ ಮೂವರನ್ನೂ ನೆನೆದೆ. ಇಬ್ಬರು ಕೋಣೆಯಲ್ಲಿ ಅಡಿಗೆ ಮಾಡಿಕೊಳ್ಳುವೆವೆಂದಿದ್ದರು. ಮಾಂಸದ ಅಡಿಗೆ ನಮ್ಮ ಮನೆಯಲ್ಲಿ ಆಗದೆಂದು ಹೇಳಿದ್ದು ನನ್ನ ವ್ರತಕ್ಕೆ ಸಂಬಂಧಿಸಿದ್ದು. ಮೂರನೆಯವನು, “ಹೋಟೆಲಿನಲ್ಲಿ ಊಟ ಮಾಡ್ತೀನಿ, ರೂಮಿನಲ್ಲಿ ಒಲೆಯೇ ಹಚ್ಚಲ್ಲ” ಎಂದಿದ್ದ. ಆದರೂ “ಯಾವ ಜನ?” ಎಂದು ಕೇಳಿದೆ. ಉತ್ತರ ಕೇಳಿ, ಊರಿನಿಂದ ನೆಂಟರು ಬರುವವರಿದ್ದಾರೆಂದು ಸುಳ್ಳಾಡಿ ಕಳಿಸಿದೆ. ಅಲ್ಲಿ ಅಹಿಂಸೆಯ ಪ್ರಶ್ನೆ ಎಲ್ಲಿತ್ತು?

ಲೆಕ್ಕ ಓದಿದವರಿಗೆ ಒಂದು ಮಾತು ಗೊತ್ತು. ಒಂದು ನಮೂದನ್ನು ತಪ್ಪು ಖಾತೆಗೆ ಹಾಕಿದರೂ ತಾಳೆಪಟ್ಟಿ ಸರಿಹೊಂದುತ್ತದೆ. ಮೊತ್ತ ಸರಿ ಕಾಣುವುದರಿಂದ ತಪ್ಪು ಹಾಗೆಯೇ ಉಳಿದುಬಿಡುತ್ತದೆ. ನನ್ನ ಮನಸ್ಸಿನ ತಿರಸ್ಕಾರವನ್ನು ಇಷ್ಟು ವರ್ಷ ‘ಅಹಿಂಸೆ’ ಎಂಬ ಖಾತೆಗೆ ಹಾಕುತ್ತ ಬಂದಿದ್ದೆ. ನಯಗಳ ವಿಚಾರ ಬಲ್ಲ ನಮ್ಮ ಆಚಾರ್ಯರು, ಒಂದು ದೃಷ್ಟಿಯನ್ನೇ ಪೂರ್ಣ ಸತ್ಯವೆಂದು ಹಿಡಿದು ಉಳಿದವನ್ನು ತಳ್ಳಿಹಾಕಿದರೆ ಅದು ದುರ್ನಯವೆಂದರು. ದರ್ಗಾದ, ಶಿವಾಲಯದ ವಿಷಯದಲ್ಲಿ ನನ್ನ ಅನೇಕಾಂತ ಉದಾರವಾಗಿತ್ತು. ಬಾಗಿಲಿಗೆ ಬಂದ ಹುಡುಗನ ವಿಷಯದಲ್ಲಿ ದುರ್ನಯವಾಗಿತ್ತು.

ನಾವೂ ಒಂದು ಕಾಲಕ್ಕೆ ಬಾಗಿಲ ಹೊರಗೆ ನಿಂತು ನ್ಯಾಯ ಬೇಡಿದವರೇ ಎಂಬುದು ಆಗ ನೆನಪಾಯಿತು. 1368ರ ಬುಕ್ಕರಾಯನ ಶಾಸನ ಶ್ರವಣಬೆಳಗೊಳದಲ್ಲಿದೆ. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಇದೆ. ವೈಷ್ಣವ ಭಕ್ತರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಆನೆಗೊಂದಿ, ಪೆನುಗೊಂಡೆ ಮೊದಲಾದ ಪಟ್ಟಣಗಳ ಜೈನರು ದೊರೆಗೆ ಮೊರೆಯಿಟ್ಟರು. ಪೆನುಗೊಂಡೆ ನಮ್ಮ ಪಾವಗಡಕ್ಕೆ ದೂರವೇನಲ್ಲ. ಬುಕ್ಕರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದ. ಈ ಭಾಗವನ್ನು ನಾವು ಸಭೆಗಳಲ್ಲಿ ಹೇಳುತ್ತೇವೆ. ಮುಂದಿನ ಭಾಗ ವ್ಯಾಪಾರಿಯ ಕಣ್ಣಿಗೆ ಬೀಳುವಂಥದು. ಪ್ರತಿ ಜೈನ ಮನೆಯಿಂದ ವರ್ಷಕ್ಕೆ ಒಂದು ಹಣ ಕೂಡಿಸಬೇಕು. ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲುಗಾರರನ್ನು ತಿರುಮಲೆಯ ತಾತಯ್ಯನವರು ನೇಮಿಸಬೇಕು. ಉಳಿದ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಿ ದುರಸ್ತಿ ಮಾಡಿಸಬೇಕು. ನಮ್ಮ ಕ್ಷೇತ್ರದ ಕಾವಲನ್ನು ನೋಡಿಕೊಳ್ಳುವ ಹೊಣೆ ವೈಷ್ಣವರೊಬ್ಬರದಾಯಿತು. ದೊರೆ ಸಾಮರಸ್ಯದ ಮಾತಾಡಿ ಕಳಿಸಲಿಲ್ಲ. ಅದಕ್ಕೊಂದು ಹಣದ ಬಾಬತ್ತನ್ನೂ ಹೊಣೆಗಾರನನ್ನೂ ಗೊತ್ತುಮಾಡಿದ. ನಮ್ಮ ಕಾಲೇಜುಗಳ ಪಾಠಕ್ಕೆ ಕೊರತೆಯಿರುವುದು ಇದೇ ಎಂದು ನನಗೆ ತೋರುತ್ತದೆ. ಪರೀಕ್ಷೆಯಲ್ಲಿ ಟಿಪ್ಪಣಿ ಬರೆದರೆ ಅಂಕ ದೊರೆಯುತ್ತದೆ. ವಿದ್ಯಾರ್ಥಿಗಾಗಲಿ, ನನ್ನಂಥ ಭಾಷಣಕಾರನಿಗಾಗಲಿ ಆ ಅರಿವಿನಿಂದ ಒಂದು ಹಣದ ಖರ್ಚೂ ಬೀಳುವುದಿಲ್ಲ.

ಬೆಳಿಗ್ಗೆ ನಮ್ಮ ಮನೆಯವರೊಡನೆ ವಿಚಾರ ಮಾಡಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾಂಸ, ಮೊಟ್ಟೆ ಮೆಟ್ಟಿಲು ಹತ್ತಬಾರದು. ಬೇರೆ ಏನನ್ನೂ ನೀವು ಕೇಳಬೇಡಿ” ಎಂದರು. ಆ ಜೂನಿನಲ್ಲಿ ಇಬ್ಬರು ಬಂದರು, ಒಬ್ಬ ಪಾವಗಡದ ಕಡೆಯವನು, ಇನ್ನೊಬ್ಬ ಶಿರಾದ ಮುಸಲ್ಮಾನರ ಹುಡುಗ. ಎಲ್ಲವೂ ಸುಗಮವಾಗಿ ನಡೆಯಿತೆಂದರೆ ಸುಳ್ಳಾಗುತ್ತದೆ. ಒಮ್ಮೆ ಮೆಟ್ಟಿಲ ಬಳಿ ಮೊಟ್ಟೆಯ ಸಿಪ್ಪೆ ಕಂಡಿತು. ಜ್ವರದಲ್ಲಿ ಮಲಗಿದ್ದ ಪಾವಗಡದ ಹುಡುಗನಿಗೆ ಗೆಳೆಯನೊಬ್ಬ ತಂದುಕೊಟ್ಟಿದ್ದನಂತೆ. ಅವನೇ ಇಳಿದು ಬಂದು ತಪ್ಪೊಪ್ಪಿಕೊಂಡ. ನಮ್ಮ ಮನೆಯವರು ಒಂದು ದಿನ ಮಾತು ಬಿಟ್ಟರು, ಮರುದಿನ ಗಂಜಿ ಕಳಿಸಿದರು. ಬಸದಿಯಲ್ಲಿ ಹಿರಿಯರೊಬ್ಬರು, “ಇವತ್ತು ಮಹಡಿ, ನಾಳೆ ಅಡಿಗೆಮನೆ” ಎಂದರು. “ಅಡಿಗೆಮನೆ ನನ್ನ ವ್ರತ, ಅದನ್ನು ಬಿಡುವುದಿಲ್ಲ. ಮಹಡಿ ಬಾಡಿಗೆಯದು” ಎಂದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ದಶಲಕ್ಷಣ ಪರ್ವದ ದಿನಗಳಲ್ಲಿ ಶಿರಾದ ಹುಡುಗ, “ಹೊತ್ತು ಮುಳುಗಿದ ಮೇಲೆ ನೀವ್ಯಾಕೆ ಊಟ ಮಾಡಲ್ಲ ತಾತ?” ಎಂದು ಕೇಳಿದ. ಕತ್ತಲಲ್ಲಿ ಕಾಣದ ಸೂಕ್ಷ್ಮಜೀವಿಗಳ ಹಿಂಸೆಯ ವಿಷಯ ತಿಳಿಸಿದೆ. ರಂಜಾನ್ ತಿಂಗಳು ಬಂದಾಗ ಅವನು ಹಗಲೆಲ್ಲ ಉಪವಾಸ. ನಾನು ಊಟ ಮುಗಿಸಿ ಕೈತೊಳೆದು ಮಹಡಿಯ ಮೇಲೆ ಹೋದರೆ, ಅವನು ಖರ್ಜೂರ ಹಿಡಿದು ಪಡುವಣಕ್ಕೆ ನೋಡುತ್ತ ಕುಳಿತಿರುತ್ತಿದ್ದ. ಒಂದೇ ಸೂರ್ಯಾಸ್ತಕ್ಕೆ ನಮ್ಮ ಊಟ ಮುಗಿದಿರಬೇಕು, ಅವನದು ಆರಂಭವಾಗಬೇಕು. ಹೊಟ್ಟೆಯನ್ನು ಹೊತ್ತಿಗೆ ಕಟ್ಟಿಹಾಕುವ ಸಂಯಮ ಇಬ್ಬರಲ್ಲೂ ಇತ್ತು. ಸ್ಯಾದ್ವಾದದ ಏಳು ಭಂಗಗಳನ್ನು ನಾನು ಬಾಯಿಪಾಠ ಮಾಡಿದ್ದೆ. ಅದರ ಪ್ರಯೋಜನ ಆ ಮಹಡಿಯ ಮೇಲೆ ಸ್ವಲ್ಪ ತಿಳಿಯಿತು.

ನಮ್ಮ ಟ್ರಸ್ಟುಗಳ ಹಿರಿಯರಲ್ಲಿ ವಿನಂತಿ ಇಷ್ಟೇ. ಅನೇಕ ಟ್ರಸ್ಟುಗಳಿಗೆ ಬಾಡಿಗೆಯ ಮನೆ, ಕೋಣೆಗಳಿವೆ. ವ್ರತಕ್ಕೆ ಬೇಕಾದ ನಿಬಂಧನೆಗಳನ್ನು ಬರೆದು ಗೋಡೆಗೆ ಹಚ್ಚೋಣ. ಅದನ್ನು ಒಪ್ಪಿದವನ ಜಾತಿಯನ್ನು ಕೇಳದಿರೋಣ. ವಾರ್ಷಿಕ ಆಯವ್ಯಯದಲ್ಲಿ ಒಂದು ಬಾಬತ್ತನ್ನು ತೆಗೆದಿಟ್ಟು, ಓದಲು ಬಂದ ಇಬ್ಬರು ಬಡ ವಿದ್ಯಾರ್ಥಿಗಳ ಬಾಡಿಗೆಗೆ ನೆರವಾಗೋಣ. ಅವರು ನಮ್ಮವರೇ ಆಗಿರಬೇಕೆಂಬ ನಿಯಮ ಬೇಡ. ಕಾಲೇಜಿನ ಮಕ್ಕಳನ್ನು ವರ್ಷಕ್ಕೊಮ್ಮೆ ಬಸದಿಗೆ ಕರೆದು ವಿವರಿಸೋಣ. ನಮ್ಮ ಮಕ್ಕಳನ್ನು ಅವರವರ ಊರಿಗೂ ಕಳಿಸೋಣ. ಕಾಲೇಜಿನ ಅಧ್ಯಾಪಕರಿಗೂ ಹೇಳಿದ್ದೇನೆ: ಈ ಪಾಠದಲ್ಲಿ ಪ್ರತಿ ವಿದ್ಯಾರ್ಥಿಯೂ ತನ್ನದಲ್ಲದ ಭಾಷೆಯ, ತನ್ನದಲ್ಲದ ಧರ್ಮದ ಒಂದು ಮನೆಗೆ ಹೋಗಿ ಬಂದು ನಾಲ್ಕು ಪುಟ ಬರೆಯಲಿ ಎಂದು.

ಕ್ಷಮಾವಣಿಯ ದಿನ ಬಂಧುಮಿತ್ರರಿಗೆಲ್ಲ ಕಾರ್ಡು ಬರೆಯುವುದು ನನ್ನ ರೂಢಿ. ಕಳೆದ ಸಲ ಒಂದು ಕಾರ್ಡು ಹೆಚ್ಚಾಗಿ ತಂದೆ. ನೆಂಟರು ಬರುತ್ತಾರೆಂದು ಸುಳ್ಳು ಹೇಳಿ ನಾನು ಹಿಂದಕ್ಕೆ ಕಳಿಸಿದ ಆ ಮೂರನೆಯ ಹುಡುಗನಿಗೆ ಬರೆಯಬೇಕೆಂದಿತ್ತು. ಅವನ ಊಟ ಕೇಳಿದ್ದೆ, ಜನ ಕೇಳಿದ್ದೆ. ಹೆಸರು ಕೇಳಿರಲಿಲ್ಲ. ಆ ಕಾರ್ಡು ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಹಾಗೆಯೇ ಇದೆ.